ರೆಕ್ಕೆಯೊಳಗೆ ಇಳಿದವನಿಗೆ ಹೊರಗೊಬ್ಬ ಕಾವಲು ಬೇಕು

ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ನಾನು ವಿಮಾನ ರಿಪೇರಿ ಮಾಡುವವನು. ನನಗೆ ಭಯವಾಗುತ್ತಿದೆ. ರೆಕ್ಕೆಯೊಳಗಿನ ಇಂಧನದ ಟ್ಯಾಂಕಿಗೆ ನಾವು ನುಸುಳಿದಾಗ ಅದರ ಬಾಯಲ್ಲಿ ಒಬ್ಬ ಕಾವಲಿರುತ್ತಿದ್ದ. ಅದು ‘ಸುಮ್ಮನೆ ಕೂರುವ ಕೆಲಸ’ ಎಂದು ಮನಗಂಡ ತಾವು, ಅವನನ್ನು ಅಕ್ಕಪಕ್ಕದ ಕೆಲಸಕ್ಕೂ ಬಳಸಿಕೊಳ್ಳುವಂತೆ ಆದೇಶಿಸಿದ್ದೀರಿ. ತಮ್ಮ ಮಿತವ್ಯಯಕ್ಕೆ ದೊಡ್ಡ ನಮಸ್ಕಾರ.

ಆ ಬಾಯಿ ಊಟದ ತಟ್ಟೆಗಿಂತ ತುಸು ದೊಡ್ಡದು. ಕೈಗಳನ್ನು ಮುಂದೆ ಚಾಚಿ, ತಲೆ ತೂರಿಸಿ, ಒಂದೊಂದೇ ಭುಜವನ್ನು ಒಳಗೆಳೆದುಕೊಳ್ಳಬೇಕು. ಒಳಗೆ ಮಗ್ಗುಲಾಗಲೂ ಜಾಗವಿಲ್ಲ. ಲೋಹದ ಅಂಚು ಪಕ್ಕೆಗೆ ಒತ್ತುತ್ತದೆ, ಮೊಣಕೈ ತರಚಿಹೋಗುತ್ತದೆ. ಎಷ್ಟು ಒರೆಸಿದರೂ ಎಣ್ಣೆಯ ಆವಿ ಪೂರ್ತಿ ಹೋಗುವುದಿಲ್ಲ. ಅದು ತಲೆಗೇರಿದರೆ ಮೊದಲು ಮಂಕಾಗುವುದು ಬುದ್ಧಿ. ತನಗೇನೋ ಆಗುತ್ತಿದೆ ಎಂಬುದೇ ಒಳಗಿದ್ದವನಿಗೆ ತಿಳಿಯುವುದಿಲ್ಲ. ಅದಕ್ಕೇ ಹೊರಗಿನವನು ಆಗಾಗ ರೆಕ್ಕೆಯನ್ನು ತಟ್ಟುತ್ತಾನೆ, ಒಳಗಿನವನು ಮರಳಿ ತಟ್ಟುತ್ತಾನೆ. ಉತ್ತರ ಬರದಿದ್ದರೆ ಕಾಲು ಹಿಡಿದು ಎಳೆಯುತ್ತಾನೆ. ಗಾಳಿಯಲ್ಲಿನ ಆವಿ ಅಳೆಯುವ ಯಂತ್ರವಿದೆಯಲ್ಲ ಎನ್ನುತ್ತೀರಿ. ಯಂತ್ರ ಕೂಗಿಕೊಂಡೀತು, ಕೇಳಿಸಿಕೊಳ್ಳುವವರು ಯಾರು? ಅದು ಕಾಲು ಹಿಡಿದು ಎಳೆಯುತ್ತದೆಯೇ?

ಮೊನ್ನೆ ಒಳಗಿದ್ದವನು ನಾನು. ಹೊರಗೆ ಕಾವಲಿದ್ದವನು ನನ್ನ ಹೆಂಡತಿಯ ತಮ್ಮ. ತಟ್ಟಿದ ಸದ್ದು ಬರುತ್ತಿತ್ತು, ನಾನೂ ತಟ್ಟುತ್ತಿದ್ದೆ. ಹುಡುಗ ಜವಾಬ್ದಾರಿಯವನು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಆಮೇಲೆ ನೆನಪಿರುವುದು ನೆಲದ ಮೇಲೆ ಬಿದ್ದು ವಾಂತಿ ಮಾಡಿಕೊಂಡದ್ದು.

“ಭಾವ, ಎಷ್ಟು ತಟ್ಟಿದ್ರೂ ನೀನು ಓಗೊಡಲಿಲ್ಲ, ಅದಕ್ಕೇ ಎಳೆದೆ,” ಎಂದ.

“ಅಷ್ಟೊತ್ತೂ ನೀನು ತಟ್ಟಿದಾಗಲೆಲ್ಲ ನಾನೂ ತಟ್ತಾನೇ ಇದ್ನಲ್ಲೋ.”

ಅವನ ಮುಖ ಬಿಳಿಚಿಕೊಂಡಿತು. “ಅಷ್ಟೊತ್ತೂ ನಾನು ಇಲ್ಲಿ ಇರಲೇ ಇಲ್ಲ ಭಾವ. ಆಚೆ ವಿಮಾನದಲ್ಲಿ ಏಣಿ ಹಿಡ್ಕೊಳ್ಳೋಕೆ ಕರೆದಿದ್ರು. ಈಗ ತಾನೇ ಬಂದು ತಟ್ಟಿದೆ. ಅಕ್ಕನಿಗೆ ಏನಂತ ಹೇಳ್ತಿದ್ದೆ ನಾನು?”

ಆ ರೆಕ್ಕೆಯ ಹತ್ತಿರ ಬೇರೆ ಯಾರೂ ಇರಲಿಲ್ಲ, ವಿಚಾರಿಸಿದ್ದೇನೆ. ಸದ್ದು ನನ್ನ ತಲೆಯೊಳಗಿನದು. ಸಾಯುತ್ತಿದ್ದೆ, ಧೈರ್ಯವಾಗಿ ಸಾಯುತ್ತಿದ್ದೆ. ಅಂದಿನಿಂದ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ, ನಿಜವಾಗಿ ತಟ್ಟಿದರಾ ಎಂದು ಹೆಂಡತಿಯನ್ನು ಕೇಳುತ್ತೇನೆ.

ಒಲ್ಲೆ ಎನ್ನಬಹುದಲ್ಲ ಎಂದು ತಾವು ಕೇಳಬಹುದು. ಒಲ್ಲೆ ಎಂದೂ ನೋಡಿದೆ. ಹಾಗಾದರೆ ನಿನ್ನ ಭಾವಮೈದುನ ಹೋಗಲಿ, ಅವನು ನಿನಗಿಂತ ಸಣಕಲು ಎಂದರು ಮೇಲ್ವಿಚಾರಕರು. ಆಗ ಹೊರಗಿರುವವನು ನಾನು. ಏಣಿ ಹಿಡಿಯಲು ಬಾ ಎಂದು ಕರೆಯುವುದು ನನ್ನನ್ನು.

ಆದ್ದರಿಂದ ನಾನೇ ಹೋಗುತ್ತೇನೆ. ಆದೇಶವನ್ನು ಇವತ್ತೇ ಹಿಂತೆಗೆದುಕೊಳ್ಳಿ. ಒಳಗಿದ್ದವನು ಹೊರಗೆ ಬರುವ ತನಕ, ಯಾರು ಕರೆದರೂ ಕದಲದ ಒಬ್ಬ ಮನುಷ್ಯನನ್ನು ಅಲ್ಲಿ ಕೂರಿಸಿ. ಅವನು ಸುಮ್ಮನೇ ಕೂರಲಿ.

ಇಂತಿ,
ನಾಳೆ ಬೆಳಿಗ್ಗೆ ಒಳಗೆ ಹೋಗಬೇಕಾದವನು