ಹೊಡೆದವರ ಹೆಸರು

ಜನವರಿ 9, ಬೆಳಗ್ಗೆ

ಹನ್ನೆರಡು ಬಾಟಲಿ ಆಸಿಡ್ಡಿನಲ್ಲಿ ತೊಳೆದು ಬೋರಲು ಹಾಕಿದ್ದಾಯಿತು. ಬೆರಳೆಲ್ಲ ಸುಲಿದಿದೆ. ಎಂ.ಎಸ್‌ಸಿ. ಪರಿಸರ ವಿಜ್ಞಾನ ಅಂದರೆ ಕಾಡು ಸುತ್ತುವುದು ಅಂದುಕೊಂಡಿದ್ದೆ. ಎರಡನೇ ವರ್ಷ ಪೂರ್ತಿ ಪಾತ್ರೆ ತೊಳೆಯುವುದೇ ಆಯಿತು. ಅಟೆಂಡರ್ ಮಾಮ ನಕ್ಕರು: "ಮದುವೆಯಾದ್ರೂ ಇದೇ ಕೆಲ್ಸ ಕಣಮ್ಮ. ಇಲ್ಲಿ ಡಿಗ್ರಿನಾದ್ರೂ ಕೊಡ್ತಾರೆ." ಇಪ್ಪತ್ತೆರಡು ವರ್ಷದಿಂದ ವಿಭಾಗದ ಸಾಮಾನು ಹೊರುತ್ತಿದ್ದಾರೆ.

ನನ್ನ ಪ್ರಾಜೆಕ್ಟು — ಚರ್ಮ ಹದ ಮಾಡುವ ಕಾರ್ಖಾನೆಯ ಹಿಂದಿನ ಕಾಲುವೆ. ಅಲ್ಲಿನ ಪರಿಸರ ಅಧಿಕಾರಿ ನನ್ನ ಅಕ್ಕ. ಇದೇ ವಿಭಾಗ, ಇದೇ ಡಿಗ್ರಿ, ಏಳು ವರ್ಷ ಮುಂಚೆ. ಹಟ ಹಿಡಿದು ನನ್ನನ್ನು ಇಲ್ಲಿಗೆ ಸೇರಿಸಿದವಳೂ ಅವಳೇ.

ಜನವರಿ 20

ರಿಸಲ್ಟ್ ಬಂತು. ಕ್ರೋಮಿಯಂ ಮಿತಿಗಿಂತ ನಲವತ್ತು ಪಟ್ಟು. ಮತ್ತೆ ಮಾಡಿದೆ. ಅಷ್ಟೇ ಬಂತು. ಕಾರ್ಖಾನೆಯದೇ ವರದಿ ತೆಗೆದು ನೋಡಿದೆ — ಎಲ್ಲ ಮಿತಿಯೊಳಗೆ. ಕೆಳಗೆ ಅಕ್ಕನ ಸಹಿ.

ಫೋನ್ ಮಾಡಿದೆ.

"ನೀನು ನೀರು ತೆಗೆದದ್ದೆಲ್ಲಿ?"

"ಹಿಂದಿನ ಗೋಡೆ ಹತ್ರ. ಪೈಪಿನ ಬಾಯಲ್ಲಿ."

"ಅಲ್ಲಿಗೆ ಇನ್ನೊಂದ್ಸಲ ಹೋಗ್ಬೇಡ ಕಣೇ. ಬೇರೆ ಜಾಗ ಹಿಡಿ. ನಿಂಗೆ ಬೇಕಿರೋದು ಮಾರ್ಕ್ಸ್ ತಾನೇ?"

"ಗೈಡ್ ಮೇಡಂ ಇನ್ನೊಂದು ಸ್ಯಾಂಪಲ್ ಬೇಕು ಅಂದಿದಾರೆ. ಗುರುವಾರ ಹತ್ತು ಗಂಟೆಗೆ ಹೋಗ್ತೀನಿ."

ಫೋನ್ ಇಟ್ಟಳು.

ಜನವರಿ 23, ಮಧ್ಯಾಹ್ನ — ಆಸ್ಪತ್ರೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಬರೆಯಬೇಕು.

ಸಾಮಾನು ಹೊರಲು ಅಟೆಂಡರ್ ಮಾಮನೂ ಜೊತೆಗೆ ಬಂದಿದ್ದರು. ಎರಡು ಬಾಟಲಿ ತುಂಬಿತ್ತು. ಗೋಡೆಯ ಬಾಗಿಲಿನಿಂದ ನಾಲ್ವರು ಬಂದರು. ಕೈಯಲ್ಲಿ ಪೈಪು. ಏನೂ ಕೇಳಲಿಲ್ಲ. ಮೊದಲ ಏಟು ಮಾಮನ ದವಡೆಗೆ — ಹಲ್ಲು ಉದುರಿದ್ದು ಕಂಡೆ. ಆಮೇಲೆ ಮೊಣಕೈಗೆ, ಒಣಕಟ್ಟಿಗೆ ಮುರಿದ ಸದ್ದು. ಬಿದ್ದ ಮೇಲೂ ಬಿಡಲಿಲ್ಲ. ಬೂಟಿನಿಂದ ಎದೆಗೆ, ಹೊಟ್ಟೆಗೆ, ತಲೆಗೆ. ಒಬ್ಬ ನನ್ನ ಜಡೆ ಹಿಡಿದು ಮುಖವನ್ನು ಕಾಲುವೆಗೆ ಅದ್ದಿದ. ನೀಲಿ ನೀರು, ಮೂಗು ಬಾಯಿ ತುಂಬ. ಮೇಲೆತ್ತಿದ. "ಕುಡಿದು ಟೆಸ್ಟ್ ಮಾಡು." ಮತ್ತೆ ಅದ್ದಿದ.

ಸ್ಯಾಂಪಲ್ ತೆಗೆಯುವ ಕೋಲು ಕೈಗೆ ಸಿಕ್ಕಿತು. ಆರಡಿ, ಕಬ್ಬಿಣದ್ದು. ಬೀಸಿದೆ. ಅವನ ಕಿವಿಯ ಮೇಲೆ ಬಿತ್ತು. ಮಂಡಿಯೂರಿ ಕುಳಿತುಬಿಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು... ಇನ್ನೆರಡು ಹೊಡೆದೆ. ಮೂರನೆಯದಕ್ಕೆ ಮೂಳೆ ಒಳಗೆ ಕುಸಿದದ್ದು ಅಂಗೈಗೇ ತಿಳಿಯಿತು. ಉಳಿದ ಮೂವರು ಓಡಿದರು.

ಕೈ ಚಾಚಿ ಬಿದ್ದಿದ್ದ. ಬೆರಳ ಸಂದಿಯಲ್ಲಿ ದುಂಡನೆಯ ಹುಣ್ಣುಗಳು, ಮೊಳೆ ಹೊಡೆದು ಕಿತ್ತಂತೆ. ಕ್ರೋಮಿಯಂ ತಿಂದ ಚರ್ಮ. ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಗೂಂಡಾ ಅಲ್ಲ — ಒಳಗೆ ತೊಗಲು ತೊಳೆಯುವವನು.

ಜನವರಿ 25

ಅವನು ಸತ್ತ. ಬೆಳಗ್ಗೆ, ಕೆಳಗಿನ ವಾರ್ಡಿನಲ್ಲಿ. ಹೆಂಡತಿ ಅಳುತ್ತಿರಲಿಲ್ಲ. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು, ಒಂದೇ ಸಮನೆ. ನರ್ಸ್ ನಡುವೆ ಕೈಯಿಟ್ಟರೆ ಆ ಕೈಗೇ ಚಚ್ಚಿಕೊಂಡಳು. ಮೆಟ್ಟಿಲ ಮೇಲೆ ನಿಂತು ನೋಡಿದೆ.

ನನ್ನ ಎದೆಯಲ್ಲಿ ಕಾಲುವೆಯ ನೀರು ಇನ್ನೂ ಇದೆಯಂತೆ. ನನ್ನ ಹೇಳಿಕೆಗೆ ಪೊಲೀಸರು ಒಂದು ವಾರ ಕಾಯಲಿ ಅಂದಿದ್ದಾರೆ ಡಾಕ್ಟರು.

ಸಂಜೆ ಅಕ್ಕ ಬಂದಳು. ಕೊರಳಲ್ಲಿ ಕಾರ್ಖಾನೆಯ ಐ.ಡಿ. ಕಾರ್ಡು.

"ಹೊಡೆದದ್ದು ಅಟೆಂಡರ್ ಅಂತ ಹೇಳು. ಆ ಮೂವರೂ ಹಾಗೇ ಹೇಳ್ತಾರೆ. ಸ್ಯಾಂಪಲ್ ಸುದ್ದಿ ಎತ್ತಬೇಡ, ನಿನ್ನ ತಂಟೆಗೆ ಯಾರೂ ಬರಲ್ಲ."

"ನಾವು ಬರೋದು ಅವರಿಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳ್ದೆ. ಹೆದರಿಸಿ ಕಳ್ಸಿ ಅಂದೆ. ಹೊಡೀರಿ ಅಂದಿರ್ಲಿಲ್ಲ."

ಕೈಬೀಸಿ ಹೊಡೆದೆ. ಅವಳ ತುಟಿ ಒಡೆಯಿತು. ಇನ್ನೂ ಹೊಡೆಯುತ್ತಿದ್ದೆ, ಪಕ್ಕದ ಹಾಸಿಗೆಯವರು ಹಿಡಿದುಕೊಂಡರು. ಅಕ್ಕ ದುಪಟ್ಟಾದಿಂದ ರಕ್ತ ಒರೆಸಿಕೊಂಡಳು.

"ಇಬ್ರೂ ಜೈಲಿಗೆ ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ, ಹೇಳು."

ಜನವರಿ 29

ಮಾಮನಿಗೆ ಎಚ್ಚರವಾಗಿದೆ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ. ಎಡಗೈಯಲ್ಲಿ ಬರೆದರು: "ನೀನು ಹೊಡೆದದ್ದು ನೋಡಿದೆ. ನಾನು ಹೊಡೆದೆ ಅನ್ನು. ನಂದು ಮುಗೀತು. ನೀನು ಓದೋಳು." ಹಾಳೆ ಹರಿದೆ. ಇನ್ನೊಂದು ಹಾಳೆ ಕೇಳಿ ಅದನ್ನೇ ಬರೆದರು.

ಅಕ್ಕ ಹೇಳಿದ್ದೂ ಇದೇ. ಅವಳ ಬಾಯಲ್ಲಿ ಬಂದಾಗ ಹೊಡೆದೆ. ಮಾಮನ ಕೈಯಲ್ಲಿ ಬಂದಾಗ... ಸುಳ್ಳೇಕೆ, ಆಸೆಯಾಯಿತು.

ಫೆಬ್ರವರಿ 2, ಬೆಳಗ್ಗೆ 11 — ಠಾಣೆ

ಹೇಳಿಕೆ ಕೊಟ್ಟೆ. ಮೂರೂವರೆ ಪುಟ. ಮೂರು ಏಟು, ಮೂರೂ ನನ್ನವು. ಕೊನೆಯ ಎರಡು ಬೇಕಿರಲಿಲ್ಲ ಅಂತಲೂ ಬರೆಸಿದೆ. ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿದರು. "ಅದನ್ನ ಯಾರೂ ಕೇಳಿಲ್ಲಮ್ಮ." ಇರಲಿ ಸರ್ ಅಂದೆ.

ಪೈಪಿನ ಬಾಯಿ, ನಲವತ್ತು ಪಟ್ಟು, ಸುಳ್ಳು ವರದಿ, ಫೋನ್ — ಅದನ್ನೂ ಬಿಡಲಿಲ್ಲ. ಅಕ್ಕನ ಹೆಸರು ಬರೆದುಕೊಳ್ಳುವಾಗ ಇನಿಷಿಯಲ್ ಕೇಳಿದರು. ನನ್ನದೇ ಅಂದೆ.

ಹೊರಗೆ ಬೆಂಚಿನ ಮೇಲೆ ಅಮ್ಮ. ನನಗೆ ಪೆಟ್ಟಾದದ್ದು ಬಿಟ್ಟರೆ ಇನ್ನೂ ಏನೂ ಗೊತ್ತಿಲ್ಲ. ಮಹಿಳಾ ಪೇದೆ ಎರಡು ನಿಮಿಷ ಕೊಟ್ಟಿದ್ದಾಳೆ. ಎದ್ದು ಬರುತ್ತಿದ್ದಾಳೆ ಅಮ್ಮ. ಮೊದಲು ನನ್ನ ವಿಷಯ ಹೇಳಲೋ, ಅಕ್ಕನ —