ಮುಟ್ಟಿದ ಕುದುರೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಚೂಟಿ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕೈನೋವು ಎಂದು ನೆಪ ಹೇಳುವುದಿಲ್ಲ, ಬರೆಯಲು ಧೈರ್ಯ ಬರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳ ಕಪಾಟಿನಲ್ಲಿ ಹನ್ನೊಂದು ನೋಟ್‌ಬುಕ್ ಸಿಕ್ಕವು, ಎಲ್ಲದರಲ್ಲೂ ನಮ್ಮಿಬ್ಬರ ಆ ಕೊನೆಯ ಚದುರಂಗದ ಆಟವೇ ಇದೆ ಎಂದು ಬರೆದಿದ್ದೀಯ. ಪ್ರತಿ ಭಾನುವಾರ ಹೊಲಿಗೆ ಯಂತ್ರವನ್ನು ಮುಚ್ಚಿ, ಅದರ ಮೇಲೇ ಮಣೆ ಇಟ್ಟುಕೊಂಡು, ತಾನು ಎಡವಿದ್ದೆಲ್ಲಿ ಎಂದು ಹುಡುಕುತ್ತಿದ್ದಳಂತೆ. ಎದುರಿಗೆ ಕೂತಿದ್ದವರು ನೀವು, ಅಮ್ಮ ಎಲ್ಲಿ ತಪ್ಪಿದಳು ಹೇಳಿ ದೊಡ್ಡಮ್ಮ ಎಂದು ಕೇಳಿದ್ದೀಯ.

ನಿನ್ನಮ್ಮ ಎಲ್ಲೂ ತಪ್ಪಲಿಲ್ಲ ಕಣೇ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಗುರುಗಳ ಹತ್ತಿರ ಕಲಿತವರು ನಾವು. ನನ್ನನ್ನು ಗಡಿಬಿಡಿ ಎಂದೂ, ಅವಳನ್ನು ಆಮೆ ಎಂದೂ ಕರೆಯುತ್ತಿದ್ದರು. ಜೊತೆಗೆ ಕಲಿತ ಇಬ್ಬರು ಹೆಂಗಸರು ವಿಶ್ವ ಪಟ್ಟಕ್ಕೆ ಎದುರುಬದುರು ಕೂತದ್ದು ಅದೇ ಮೊದಲು. ಪತ್ರಿಕೆಯವರು ನಮ್ಮ ಚಪ್ಪಲಿಯನ್ನೂ ಬಿಡದೆ ಫೋಟೊ ತೆಗೆದರು. ಹದಿನೈದು ಆಟ ಮುಗಿದಾಗ ಸಮಸಮ. ಪಟ್ಟ ನನ್ನದಾಗಿತ್ತು, ಕೊನೆಯದು ಡ್ರಾ ಆದರೆ ನನ್ನಲ್ಲೇ ಉಳಿಯುತ್ತಿತ್ತು. ಅವಳು ಗೆಲ್ಲಲೇಬೇಕಿತ್ತು, ಬೆಳಗಿನಿಂದ ಅವಳದೇ ಮೇಲುಗೈ.

ಮೂವತ್ತೆಂಟನೆಯ ನಡೆ ನನ್ನದು. ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಅವಳು ಟೀ ತರಲು ಎದ್ದಳು. ತೀರ್ಪುಗಾರರು ಬಿಸಿಲು ಬೀಳುತ್ತಿದೆಯೆಂದು ಕಿಟಕಿಯ ಪರದೆ ಎಳೆಯುತ್ತಿದ್ದರು. ನೋಡುವ ಜನವೆಲ್ಲ ಹೊರಗಿನ ಸಭಾಂಗಣದಲ್ಲಿ. ನಾನು ಗಬಕ್ಕನೆ ಕುದುರೆಯನ್ನು ಎತ್ತಿಯೇಬಿಟ್ಟೆ. ಎತ್ತಿದ ಮೇಲೆ ಕಣ್ಣು ತೆರೆಯಿತು: ಅದು ಎಲ್ಲಿಗೆ ಹೋದರೂ ಎರಡೇ ನಡೆಯಲ್ಲಿ ನನ್ನ ರಾಜನ ಕಥೆ ಮುಗಿಯುತ್ತದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದು ಗುರುಗಳು ನಮಗೆ ಕಲಿಸಿದ ಮೊದಲ ಪಾಠ. ನಾನು ಕುದುರೆಯನ್ನು ಇದ್ದಲ್ಲೇ ಇಟ್ಟು ರಾಜನನ್ನು ಸರಿಸಿದೆ, ನಡೆ ಬರೆಯುವ ಹಾಳೆಯಲ್ಲಿ ಅದನ್ನೇ ಬರೆದೆ. ಸಂಜೆಗೆ ಡ್ರಾ ಆಯಿತು.

ಆಮೇಲೆ ಅವಳು ಪಂದ್ಯಕ್ಕೆ ಕೂರಲೇ ಇಲ್ಲ. ಕೈಗೆ ಬಂದದ್ದನ್ನು ಕಳೆದುಕೊಂಡವಳು ಎಂದು ಎಲ್ಲರೂ ಆಡಿಕೊಂಡರು, ಅವಳೂ ಅದನ್ನೇ ನಂಬಿದಳು. ನಾನು ಇನ್ನೂ ಆರು ವರ್ಷ ಮೆರೆದೆ. ನಿನ್ನ ಹುಟ್ಟುಹಬ್ಬಕ್ಕೆ ಬಂದು, ಅದೇ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು, ಅವಳು ಬಡಿಸಿದ್ದನ್ನು ಚಪ್ಪರಿಸಿ ತಿಂದೆ. ಗಂಟಲಲ್ಲಿ ಹೇಗೆ ಇಳಿಯಿತೋ! ಇವತ್ತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಚದುರಂಗ ಸಂಘಕ್ಕೂ ಎಲ್ಲವನ್ನೂ ಬರೆದು ಇಂದೇ ಅಂಚೆಗೆ ಹಾಕುತ್ತಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ನೀನು ಮಾತ್ರ ಆ ನೋಟ್‌ಬುಕ್‌ಗಳಲ್ಲಿ ಅವಳ ತಪ್ಪು ಹುಡುಕಬೇಡ, ಮಗಳೇ. ಇನ್ನು ಮೇಲೆ ನನ್ನನ್ನು ದೊಡ್ಡಮ್ಮ ಎನ್ನಲು ಮನಸ್ಸು ಬಾರದಿದ್ದರೆ, ಅದು ನ್ಯಾಯವೇ.

ಇತಿ,
ಇಷ್ಟು ದಿನ ನಿನ್ನ ದೊಡ್ಡಮ್ಮ ಎನಿಸಿಕೊಂಡ
ಗಡಿಬಿಡಿ

ತಾ.ಕ.: ಇಷ್ಟೆಲ್ಲ ಬರೆದೂ ಒಂದನ್ನು ಮುಚ್ಚಿಟ್ಟಿದ್ದೆ. ಅವಳು ನೋಡಿದ್ದಳು. ಟೀ ಹಿಡಿದು ಆಗಷ್ಟೇ ಇತ್ತ ತಿರುಗಿದ್ದಳು, ಹಬೆಗೆ ಅವಳ ಕನ್ನಡಕ ಮಂಜಾಗಿತ್ತು, ಕಂಡದ್ದು ನಿಜವೋ ಅಲ್ಲವೋ ಎಂದು ಆಗ ಬಾಯಿ ಬಿಡಲಿಲ್ಲ. ಆಟ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು, ಕುದುರೆ ಮುಟ್ಟಿದ್ಯೇನೇ ಎಂದು ಕೇಳಿದಳು. ಇಲ್ಲ ಎಂದೆ. ಛೇ, ನಿನ್ ಮೇಲೇ ಅನುಮಾನ ಪಟ್ನಲ್ಲ, ತಪ್ಪಾಯ್ತು ಕಣೇ, ಕ್ಷಮಿಸಿಬಿಡು ಎಂದು ಅತ್ತಳು. ನಾನು ಅವಳ ಬೆನ್ನು ಸವರಿ, ಕ್ಷಮಿಸಿದ್ದೇನೆ ಎಂದೆ.