ಎರಡನೆಯ ವೈರಿನ ಕೊನೆ

ಶುಬ್ರಾ ಬಡಾವಣೆಯ ನಲವತ್ತು ತಾರಸಿಗಳ ಸಾರ್ವಭೌಮರೂ, ಸಮಸ್ತ ವೈರುಗಳ ಒಡೆಯರೂ, ನಮ್ಮ ಓಣಿಗೆ ಇಂಟರ್ನೆಟ್ ಹಂಚುವ ಮಹಾದಾತಾರರೂ, ನಮ್ಮೆಲ್ಲರ ಮೇಸ್ತ್ರಿಯೂ ಆದ ಉಸ್ತಾ ಬಯೂಮಿಯವರ ಸನ್ನಿಧಿಗೆ, ಒಂಬತ್ತನೇ ನಂಬರ್ ಕಟ್ಟಡದ ಮೂರನೇ ಮಹಡಿಯಲ್ಲಿ ನಡುಗುತ್ತಿರುವ ರಮ್ಜಿಯ ಸಲಾಂ.

ನೀವೀಗ ಅಂಗಡಿಯೆದುರು ಚಹಾ ಕುಡಿಯುತ್ತಿದ್ದೀರಿ. ಪಕ್ಕದಲ್ಲಿರುವ ಕಟಿಂಗ್ ಪ್ಲೇಯರ್ ಕಂಡಾಗೆಲ್ಲ ನಾನು ಕಿಟಕಿಯಿಂದ ಹಿಂದೆ ಸರಿಯುತ್ತೇನೆ. ನಿನ್ನೆಯಿಂದ ಓಣಿಯಲ್ಲಿ ಯಾರಿಗೂ ಇಂಟರ್ನೆಟ್ ಇಲ್ಲ. ಯಾರೋ ಕಳ್ಳವೈರು ಎಳೆದು ಕೆಡಿಸಿದ್ದಾರೆಂದು ಎಂಟನೇ ನಂಬರಿನವರೆಗೆ ಒಂದೊಂದೇ ಮನೆಯ ವೈರು ಕಿತ್ತು ನೋಡಿದಿರಿ. ಚಹಾ ಮುಗಿದರೆ ನಮ್ಮ ಸರದಿ. "ಯಾವ ಕಟ್ಟಡದಲ್ಲಿ ಕಳ್ಳ ಸಿಗ್ತಾನೋ ಆ ಕಟ್ಟಡಕ್ಕೇ ಇನ್ನು ವೈರಿಲ್ಲ! ಅವನ ಕಿವಿ ಹಿಡ್ಕೊಂಡು ಓಣಿಯೆಲ್ಲ ಸುತ್ತಿಸ್ತೀನಿ!" ಎಂದು ಬೆಳಿಗ್ಗೆ ಕೂಗಿದಿರಲ್ಲ, ಆಗ "ಬಿಡಬೇಡಿ ಉಸ್ತಾ, ಎರಡೂ ಕಿವಿ ಹಿಡೀರಿ" ಎಂದು ಬಾಲ್ಕನಿಯಿಂದ ಹುರಿದುಂಬಿಸಿದವಳು ನಮ್ಮಮ್ಮ. ನಾನು ಮಂಚದಡಿ ಚಪ್ಪಲಿ ಹುಡುಕುತ್ತಿದ್ದೆ.

ಕಳ್ಳ ನಾನೇ. ನನ್ನ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ್ದೆ. ಒಂದಕ್ಕೆ ನೀವು ಕೊಟ್ಟ ವೈರು. ಇನ್ನೊಂದರಿಂದ ಹೊರಟ ವೈರು, ನಿಮ್ಮ ಕಣ್ಣು ತಪ್ಪಿಸಿ, ಇಂಟರ್ನೆಟ್ಟಿಲ್ಲದೆ ಸೊರಗುತ್ತಿದ್ದ ಒಬ್ಬ ಬಡಪಾಯಿ ಗೆಳೆಯನಿಗೆ. ನಿನ್ನೆ ಧೂಳು ಒರೆಸಲು ಎರಡನ್ನೂ ಕಿತ್ತು, ಅದಲುಬದಲಾಗಿ ಸಿಕ್ಕಿಸಿಬಿಟ್ಟೆ. ಗೆಳೆಯನೊಬ್ಬನಿಗೇ ದಾರಿ ತೋರಿಸಬೇಕಿದ್ದ ಕಂಪ್ಯೂಟರು ಇಡೀ ಓಣಿಗೆ ದಾರಿ ತೋರಿಸಹೊರಟಿತು. ಅದನ್ನು ನಂಬಿದ ಓಣಿಯ ಕಂಪ್ಯೂಟರುಗಳೆಲ್ಲ ನನ್ನ ಕೋಣೆಯವರೆಗೆ ಬಂದವು, ಅಲ್ಲಿಂದಾಚೆ ಗೋಡೆ. ಸರಿಮಾಡಲು ವೈರು ತೆಗೆದರೆ ವೈರುಗಳೆಲ್ಲ ಸೇರುವ ನಿಮ್ಮ ಪೆಟ್ಟಿಗೆಯಲ್ಲಿ ನಮ್ಮ ಮನೆಯ ದೀಪ ಆರುತ್ತದೆ, ನಿಮಗೆ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಸುಮ್ಮನಿದ್ದೆ.

ಆದರೆ ಐದನೇ ಮಹಡಿಯ ಸಾದಿಯಾ ಚಿಕ್ಕಮ್ಮನ ಮಗ ಇವತ್ತು ಐದು ಗಂಟೆಗೆ ಕುವೈತಿನಿಂದ ತನ್ನ ಹಸುಗೂಸನ್ನು ತೋರಿಸುವವನಿದ್ದಾನೆ. ಆಕೆ ಬೆಳಿಗ್ಗೆಯೇ ಹೊಸ ಬಟ್ಟೆಯುಟ್ಟು ಕುಳಿತಿದ್ದಾರೆ. "ಬಂತೇನೋ ರಮ್ಜಿ? ಆ ಕೂಸಿಗೆ ನನ್ನ ಮೂಗೇ ಬಂದಿದ್ಯಂತೆ. ಪಾಪ, ನೋಡಿ ಸಮಾಧಾನ ಹೇಳ್ಬೇಕಪ್ಪ" ಎಂದು ಮೂರು ಸಲ ಕೇಳಿದರು. ನೀವು ಕಟ್ಟಡದ ವೈರನ್ನೇ ಕತ್ತರಿಸಿದರೆ ಆ ಮುಖಕ್ಕೆ ನಾನು ಏನು ಹೇಳಲಿ?

ಅದಕ್ಕೇ ಆ ಎರಡನೆಯ ಕಾರ್ಡನ್ನು ಈಗಷ್ಟೇ ಕಿತ್ತೆ. ಓಣಿಗೆ ಜೀವ ಬಂದಿರಬೇಕು. ಪತ್ರವನ್ನೂ ಕಾರ್ಡನ್ನೂ ಅಮ್ಮನ ತರಕಾರಿ ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸುತ್ತಿದ್ದೇನೆ. ನನ್ನೊಬ್ಬನ ವೈರನ್ನು ಕತ್ತರಿಸಿ, ಉಸ್ತಾ. ಕಿವಿಯೂ ನಿಮ್ಮದೇ.

ನಿಮ್ಮ ವೈರುಗಳು ಎಂದೂ ಇಲಿಗಳ ಬಾಯಿಗೆ ಬೀಳದಿರಲಿ.

ಕಿವಿ ತೊಳೆದುಕೊಂಡು ಕಾದಿರುವ,
ರಮ್ಜಿ

ಕತ್ತರಿಸುವ ಮುಂಚೆ ಇನ್ನೊಂದು ಸಣ್ಣ ವಿಷಯ. ಆ ಎರಡನೆಯ ವೈರು ಓಣಿ ದಾಟಿ, ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ನುಗ್ಗಿ, ಪರೀಕ್ಷೆ ಮುಗಿಯುವವರೆಗೆ ಇಂಟರ್ನೆಟ್ ಮುಟ್ಟಕೂಡದೆಂದು ನೀವು ಆಣೆ ಹಾಕಿಸಿರುವ ನಿಮ್ಮ ಮಗ ಹೈಸಮನ ಮಂಚದಡಿ ಮುಗಿಯುತ್ತದೆ. ಬುಟ್ಟಿಯಲ್ಲಿರುವ ಕಾರ್ಡೂ ಅವನದೇ.